ಲ್ಯಾಪ್‌ಟಾಪ್ ಚೀಟಿಯ ಆ ಒಂದು ಸಾಲು

ಪಿಯುಸಿ ಫಲಿತಾಂಶ ಬಂದು, ಸೀಟು ಸಿಕ್ಕಿ, ಕಾಲೇಜು ಶುರುವಾಗುವ ಹೊತ್ತಿಗೆ ಕಂಪ್ಯೂಟರ್ ಅಂಗಡಿಗಳಲ್ಲಿ ಅಪ್ಪ-ಅಮ್ಮಂದಿರ ಓಡಾಟ ಹೆಚ್ಚುತ್ತದೆ. ಸಾಲಾಗಿ ತೆರೆದಿಟ್ಟ ಲ್ಯಾಪ್‌ಟಾಪ್‌ಗಳು. ಪ್ರತಿಯೊಂದರ ಮುಂದೆಯೂ ಒಂದು ಚೀಟಿ: ‘ಕೋರ್ ಐ5, 12ನೇ ಜನರೇಷನ್, 8 ಜಿಬಿ ಡಿಡಿಆರ್4, 512 ಜಿಬಿ ಎಸ್‌ಎಸ್‌ಡಿ, 15.6 ಇಂಚು ಎಫ್‌ಎಚ್‌ಡಿ’. ಐವತ್ತು ಅರವತ್ತು ಸಾವಿರ ರೂಪಾಯಿ ಎಣಿಸಿ ಕೊಡುವವರಿಗೆ ಆ ಚೀಟಿಯಲ್ಲಿ ಅರ್ಥವಾಗುವುದು ಬೆಲೆಯೊಂದೇ. ಉಳಿದದ್ದಕ್ಕೆಲ್ಲ ಅಂಗಡಿಯ ಹುಡುಗ ಹೇಳಿದ್ದೇ ಮಾತು. ಸಾಲ ಮಾಡಿಯೋ ಚೀಟಿ ಎತ್ತಿಯೋ ತಂದ ಹಣ ಹೀಗೆ ಕಣ್ಣು ಮುಚ್ಚಿಕೊಂಡು ಕೈಬಿಟ್ಟು ಹೋಗುವುದನ್ನು ನೋಡಿದಾಗಲೆಲ್ಲ, ಆ ಒಂದು ಸಾಲನ್ನು ಓದುವುದಾದರೂ ನಮ್ಮ ಮನೆಗಳಲ್ಲಿ ಎಲ್ಲರಿಗೂ ಬರಬೇಕು ಅನ್ನಿಸುತ್ತದೆ.

ಓದುವುದು ಕಷ್ಟವೇನಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ: ಆ ಸಾಲಿನಲ್ಲಿ ಎಲ್ಲರ ಕಣ್ಣೂ ಬೀಳುವುದು ಮೊದಲ ಪದದ ಮೇಲೆ. ಐ3 ಸಾಕಾ, ಐ5 ಬೇಕಾ, ಐ7 ತಗೊಂಡರೆ ಇನ್ನೂ ಒಳ್ಳೆಯದಾ? ಆದರೆ ಮನೆಯ ಕಂಪ್ಯೂಟರ್ ನಿಧಾನವಾಗುವುದಕ್ಕೂ, ನಡುವೆ ಹ್ಯಾಂಗ್ ಆಗಿ ನಿಲ್ಲುವುದಕ್ಕೂ, ಮದುವೆಯ ಫೋಟೊಗಳೆಲ್ಲ ಒಂದು ದಿನ ಇಲ್ಲವಾಗುವುದಕ್ಕೂ ಸಾಮಾನ್ಯವಾಗಿ ಆ ಮೊದಲ ಪದ ಕಾರಣವಲ್ಲ. ಅದರ ನಂತರ ಬರುವ ಎರಡು ‘ಜಿಬಿ’ಗಳು ಕಾರಣ.

ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದರೆ ಅದನ್ನೇ ಬಿಚ್ಚಿ ನೋಡಿ. ಪ್ಲಗ್ ಕಿತ್ತು, ಹಿಂಬದಿಯ ಎರಡು ಸ್ಕ್ರೂ ತೆಗೆದು, ಪಕ್ಕದ ತಗಡನ್ನು ಹಿಂದಕ್ಕೆ ಎಳೆದರೆ ಸಾಕು. ಮೊದಲು ಕಾಣುವುದು ಧೂಳು. ಫ್ಯಾನಿನ ರೆಕ್ಕೆಗಳ ಮೇಲೆ ದಪ್ಪ ಪದರವಾಗಿ ಮೆತ್ತಿಕೊಂಡಿರುತ್ತದೆ. ಯಂತ್ರ ಬಿಸಿಯೇರಿ ಗುಯ್‌ಗುಡುವುದಕ್ಕೆ ಎಷ್ಟೋ ಸಲ ಅದಷ್ಟೇ ಕಾರಣ. ಈ ಇಡೀ ಪೆಟ್ಟಿಗೆಯನ್ನು ನಮ್ಮಲ್ಲಿ ‘ಸಿಪಿಯು’ ಎಂದೇ ಕರೆದು ರೂಢಿ. ಪೆಟ್ಟಿಗೆಗೆ ಕ್ಯಾಬಿನೆಟ್ ಎಂದು ಹೆಸರು. ಸಿಪಿಯು, ಅಂದರೆ ಪ್ರೊಸೆಸರ್, ಆ ಫ್ಯಾನಿನ ಅಡಿಯಲ್ಲಿ ಕುಳಿತಿರುವ, ಅಂಗೈಯಲ್ಲಿ ಹಿಡಿಸುವ ಚಿಪ್. ಅದು ಕೂತಿರುವ ದೊಡ್ಡ ಹಲಗೆ ಮದರ್‌ಬೋರ್ಡ್. ಪಕ್ಕದಲ್ಲೇ ನೆಟ್ಟಗೆ ನಿಂತಿರುವ ಉದ್ದನೆಯ ತೆಳು ಪಟ್ಟಿಗಳು ರ‍್ಯಾಮ್. ಸ್ಕ್ರೂ ಹಾಕಿ ಕೂರಿಸಿದ, ಕೈಗೆತ್ತಿಕೊಂಡರೆ ಭಾರವೆನಿಸುವ ಲೋಹದ ಡಬ್ಬಿ ಹಾರ್ಡ್ ಡಿಸ್ಕ್. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು 12, 5, 3.3 ವೋಲ್ಟ್‌ಗಳಿಗೆ ಇಳಿಸಿ ಎಲ್ಲದಕ್ಕೂ ಹಂಚುವ, ಬಣ್ಣಬಣ್ಣದ ವೈರುಗಳ ಗೊಂಚಲು ಹೊರಟಿರುವ ಪೆಟ್ಟಿಗೆ ಎಸ್‌ಎಂಪಿಎಸ್. ಲ್ಯಾಪ್‌ಟಾಪ್‌ನಲ್ಲೂ ಹೆಚ್ಚುಕಡಿಮೆ ಇವೇ ಇವೆ, ಚಿಕ್ಕದಾಗಿ, ಒತ್ತೊತ್ತಾಗಿ. ಪವರ್ ಪೆಟ್ಟಿಗೆ ಮಾತ್ರ ಚಾರ್ಜರ್ ಆಗಿ ಹೊರಗೆ ಬಂದಿದೆ.

ಇವು ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದಕ್ಕೆ ಮದುವೆಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ಒಲೆಯ ಮುಂದೆ ಅಡುಗೆ ಭಟ್ಟರು. ಅವರ ಕೈಗೆಟುಕುವಂತೆ ಒಂದು ಮೇಜು. ಹೆಚ್ಚಿದ ತರಕಾರಿ, ರುಬ್ಬಿದ ಮಸಾಲೆ, ಬೆಲ್ಲ, ಉಪ್ಪು ಎಲ್ಲ ಅದರ ಮೇಲೆ. ಅಕ್ಕಿ ಮೂಟೆ, ಬೇಳೆ, ಎಣ್ಣೆ ಡಬ್ಬ ಉಗ್ರಾಣದಲ್ಲಿ. ಪ್ರೊಸೆಸರ್ ಎಂದರೆ ಭಟ್ಟರು, ರ‍್ಯಾಮ್ ಎಂದರೆ ಮೇಜು, ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಉಗ್ರಾಣ. ಭಟ್ಟರು ಉಗ್ರಾಣದೊಳಗೆ ಹೋಗಿ ಅಡುಗೆ ಮಾಡುವುದಿಲ್ಲ; ಬೇಕಾದ್ದೆಲ್ಲ ಮೊದಲು ಮೇಜಿಗೆ ಬರಬೇಕು. ಮೇಜು ಚಿಕ್ಕದಾದರೆ ಒಂದನ್ನು ತರಲು ಇನ್ನೊಂದನ್ನು ವಾಪಸ್ ಇಟ್ಟುಬರಬೇಕು. ಉಗ್ರಾಣವೂ ದೂರವಿದ್ದರೆ ಹುಡುಗರು ಓಡಾಡಿ ಸುಸ್ತಾಗುತ್ತಾರೆ, ಭಟ್ಟರು ಸೌಟು ಹಿಡಿದು ಕಾಯುತ್ತಾರೆ. ಎಷ್ಟೇ ಹೆಸರಾಂತ ಭಟ್ಟರನ್ನು ಕರೆಸಿದರೂ ಪಂಕ್ತಿ ತಡವಾಗುತ್ತದೆ. ಕೊನೆಗೆ ಮೇಜು ಒರೆಸಿ ಖಾಲಿ ಮಾಡುತ್ತಾರೆ. ಉಗ್ರಾಣಕ್ಕೆ ಹೋದದ್ದಷ್ಟೇ ಉಳಿಯುತ್ತದೆ.

ರ‍್ಯಾಮ್ ಖಾಲಿಯಾಗುವುದು ಅದರ ರಚನೆಯಿಂದಲೇ. ಇಂದಿನ ರ‍್ಯಾಮ್‌ನ ಮೂಲ ಉಪಾಯಕ್ಕೆ ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದರು: ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಕೆಪಾಸಿಟರ್‌ನಲ್ಲಿ ಚಾರ್ಜ್ ಇದ್ದರೆ 1, ಇಲ್ಲದಿದ್ದರೆ 0. ಆದರೆ ಆ ಚಾರ್ಜ್ ಸೋರುತ್ತಲೇ ಇರುತ್ತದೆ. ಅದಕ್ಕಾಗಿ ಪ್ರತಿಯೊಂದು ಕೋಶವನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಓದಿ ಮತ್ತೆ ತುಂಬಬೇಕು. ಅಂದರೆ ಸೆಕೆಂಡಿಗೆ ಹದಿನೈದಕ್ಕೂ ಹೆಚ್ಚು ಬಾರಿ. ನೀವು ಸುಮ್ಮನೆ ಪರದೆ ನೋಡುತ್ತ ಕೂತಿದ್ದರೂ ಒಳಗೆ ಈ ತುಂಬಿಸುವ ಕೆಲಸ ನಿಂತಿರುವುದಿಲ್ಲ. ಕರೆಂಟ್ ಹೋಗಿ ಅದು ನಿಂತಿತೋ, ರ‍್ಯಾಮ್‌ನಲ್ಲಿದ್ದದ್ದೆಲ್ಲ ಹೋಯಿತು. ‘ಸೇವ್’ ಒತ್ತುವುದೆಂದರೆ ರ‍್ಯಾಮ್‌ನಲ್ಲಿರುವುದರ ಪ್ರತಿಯನ್ನು ಡಿಸ್ಕ್‌ಗೆ ಬರೆಸುವುದು, ಅಷ್ಟೇ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಗಳು ಎರಡು ತಾಸು ಟೈಪ್ ಮಾಡಿದ ಪ್ರಾಜೆಕ್ಟ್ ರಿಪೋರ್ಟ್ ಲೈಟು ಹೋದ ಕ್ಷಣದಲ್ಲಿ ಮಾಯವಾಗುವುದು ಇದೇ ಕಾರಣಕ್ಕೆ.

ಇನ್ನು ಈ ‘ಜಿಬಿ’ ಎಂದರೆ ಎಷ್ಟು? ಒಂದು 0 ಅಥವಾ ಒಂದು 1ಕ್ಕೆ ಬಿಟ್ ಎನ್ನುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಲೆಕ್ಕ ಬೇರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಇವತ್ತು ಅಂತರ್ಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂದು ಬರೆದರೆ ನಮಗೆ ಕಾಣುವುದು ಮೂರಕ್ಷರ. ಕಂಪ್ಯೂಟರ್ ಇಟ್ಟುಕೊಳ್ಳುವುದು ಐದು ಸಂಕೇತ: ಕ, ನ, ಒತ್ತು ಬರಿಸುವ ಹಲಂತ ಚಿಹ್ನೆ, ಇನ್ನೊಂದು ನ, ಡ. ಒಟ್ಟು 15 ಬೈಟ್. ಅದೇ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 7. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಸಿಕ್ಕುವ ಕಡೆ ಕನ್ನಡದಲ್ಲಿ 70ಕ್ಕೇ ಒಂದು ಸಂದೇಶ ಮುಗಿಯುತ್ತದೆ. ಅಲ್ಲಿನ ಸಂಕೇತ ಪದ್ಧತಿ ಬೇರೆಯಾದರೂ ಕಾರಣ ಇಂಥದ್ದೇ.

ಹಾಗೆಂದು ಕನ್ನಡಕ್ಕೆ ಜಾಗ ಸಾಲದೆಂದು ಯಾರೂ ಚಿಂತಿಸಬೇಕಿಲ್ಲ. ಒಂದು ಪದಕ್ಕೆ ಸರಾಸರಿ 25 ಬೈಟ್ ಹಿಡಿದರೂ, ಮುಕ್ಕಾಲು ಲಕ್ಷ ಪದಗಳ ದಪ್ಪ ಕಾದಂಬರಿಯೊಂದು ಎರಡು ಎಂಬಿಗೆ ಮುಗಿಯುತ್ತದೆ. ಎಂಬಿ ಎಂದರೆ ಹತ್ತು ಲಕ್ಷ ಬೈಟ್, ಜಿಬಿ ಎಂದರೆ ನೂರು ಕೋಟಿ ಬೈಟ್. ಇವತ್ತಿನ ಫೋನ್ ತೆಗೆಯುವ ಒಂದು ಫೋಟೊ ಮೂರು ನಾಲ್ಕು ಎಂಬಿ ತಿನ್ನುತ್ತದೆ. ಜಾಗ ತುಂಬಿಸುವುದು ಫೋಟೊ, ಅದಕ್ಕೂ ಹೆಚ್ಚಾಗಿ ವಿಡಿಯೊ, ಬರಹವಲ್ಲ. ಅಂದಹಾಗೆ, ‘1 ಟಿಬಿ’ ಎಂದು ಕೊಂಡ ಡಿಸ್ಕನ್ನು ಕಂಪ್ಯೂಟರ್ 931 ಜಿಬಿ ಎಂದು ತೋರಿಸಿದರೆ ಮೋಸವಾಯಿತೆಂದು ಅಂಗಡಿಗೆ ಓಡಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಬೈಟ್‌ಗಳು ಅಷ್ಟೇ ಇವೆ. ಇಂಟರ್‌ನೆಟ್ ಕಂಪನಿಯವರು ಹೇಳುವ ‘100 ಎಂಬಿಪಿಎಸ್’ನಲ್ಲಿ ಇರುವುದು ಮಾತ್ರ ಬೈಟ್ ಅಲ್ಲ, ಬಿಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ. ಡೌನ್‌ಲೋಡ್ ಆಗುವಾಗ ಕಾಣುವ ವೇಗ ಅದಕ್ಕಿಂತ ಹೆಚ್ಚಾಗಲಾರದು.

ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ಡಿಸ್ಕ್. ಹಾರ್ಡ್ ಡಿಸ್ಕ್ ಡಬ್ಬಿಯೊಳಗೆ ನುಣುಪಾದ, ಹೊಳೆಯುವ ಒಂದೆರಡು ತಟ್ಟೆಗಳಿರುತ್ತವೆ. ಅವುಗಳ ಮೇಲಿನ ಕಾಂತೀಯ ಲೇಪದಲ್ಲಿ ನಿಮ್ಮ ಕಡತಗಳೆಲ್ಲ ಇವೆ. ಪಕ್ಕದಿಂದ ಚಾಚಿದ ತೋಳಿನ ತುದಿಯ ಪುಟ್ಟ ‘ಹೆಡ್’ ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಾಲು ಕಡಿಮೆ ಅಂತರದಲ್ಲಿ ತೇಲುತ್ತ ಓದುತ್ತದೆ, ಬರೆಯುತ್ತದೆ. ಐಬಿಎಂ 1956ರಲ್ಲಿ ಇಂಥ ಮೊದಲ ಯಂತ್ರವನ್ನು ತಂದಾಗ ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಇವತ್ತಿನ ಒಂದು ಫೋಟೊದಷ್ಟು. ಅಲ್ಲಿಂದ ಇಲ್ಲಿಯವರೆಗೆ ಜಾಗ ಲಕ್ಷಗಟ್ಟಲೆ ಪಟ್ಟು ಹೆಚ್ಚಾಯಿತು. ಆದರೆ ತಿರುಗುವ ತಟ್ಟೆ ತಿರುಗಲೇಬೇಕು. ಹಳೆಯ ಲ್ಯಾಪ್‌ಟಾಪ್‌ಗಳ ಡಿಸ್ಕ್ ನಿಮಿಷಕ್ಕೆ 5400 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ನಮಗದು ಲೆಕ್ಕಕ್ಕೇ ಇಲ್ಲ. ಆದರೆ 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ. ತಟ್ಟೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಅದು ಮೂರು ಕೋಟಿಗೂ ಹೆಚ್ಚು ಬಾರಿ ಮಿಡಿದು, ಬಹುಪಾಲು ಸುಮ್ಮನೆ ಕಾದಿರುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಇಂಥ ಸಾವಿರಾರು ಸಣ್ಣ ಸಣ್ಣ ಓದುಗಳು ನಡೆಯಬೇಕು, ಒಂದೊಂದಕ್ಕೂ ಹೆಡ್ ಜಾಗ ಬದಲಿಸಬೇಕು. ಸ್ವಿಚ್ ಒತ್ತಿ ಕಾಫಿ ಕುಡಿದು ಬಂದರೂ ಯಂತ್ರ ತಯಾರಾಗದಿರುವುದು ಇದರಿಂದ.

ಎಸ್‌ಎಸ್‌ಡಿಯಲ್ಲಿ ತಿರುಗುವುದು, ಅಲ್ಲಾಡುವುದು ಏನೂ ಇಲ್ಲ. ಪೆನ್‌ಡ್ರೈವ್‌ನಲ್ಲಿರುವ ಜಾತಿಯವೇ ಆದ ಫ್ಲ್ಯಾಶ್ ಚಿಪ್‌ಗಳು, ಎಷ್ಟೋ ಉತ್ತಮ ದರ್ಜೆಯವು. ವಿದ್ಯುತ್ ಇಲ್ಲದಿದ್ದರೂ ಬರೆದದ್ದನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು-ನೂರೈವತ್ತು ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ ಐನೂರು ದಾಟುತ್ತದೆ, ಎನ್‌ವಿಎಂಇ ಎಂಬ ತೆಳ್ಳನೆಯ ಪಟ್ಟಿ ಹಲವು ಸಾವಿರ ಮುಟ್ಟುತ್ತದೆ. ಆದರೆ ನಿಜವಾದ ಲಾಭ ಬೇರೆಡೆ ಇದೆ: ಮುಂದಿನ ಕಡತವನ್ನು ಹುಡುಕಿ ಹಿಡಿಯಲು ಹಾರ್ಡ್ ಡಿಸ್ಕ್ ಹತ್ತಾರು ಮಿಲಿಸೆಕೆಂಡ್ ತೆಗೆದುಕೊಂಡರೆ ಎಸ್‌ಎಸ್‌ಡಿಗೆ ಬೇಕಾದ್ದು ಒಂದು ಮಿಲಿಸೆಕೆಂಡಿನ ಸಣ್ಣ ಪಾಲು. ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿ ಮೊದಲ ಸಲ ಆನ್ ಮಾಡಿದವರ ಮುಖ ನೋಡಬೇಕು. ಅದೇ ಪ್ರೊಸೆಸರ್, ಅದೇ ಪರದೆ, ಅದೇ ಕೀಲಿಮಣೆ; ನಿಮಿಷಗಟ್ಟಲೆ ಕಾಯಿಸುತ್ತಿದ್ದ ಯಂತ್ರ ಕೆಲವೇ ಸೆಕೆಂಡುಗಳಲ್ಲಿ ಎದ್ದು ಕೂತಿರುತ್ತದೆ.

ನಿಮ್ಮ ಕಂಪ್ಯೂಟರ್‌ನ ಕಾಯಿಲೆ ಯಾವುದೆಂದು ನೀವೇ ನೋಡಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರರ ಗೆರೆಗಳೂ ಏರಿಳಿಯುತ್ತಿರುತ್ತವೆ. ಯಂತ್ರ ತಡವರಿಸುವ ಹೊತ್ತಿನಲ್ಲೇ ನೋಡಬೇಕು. ಸಿಪಿಯು ಶೇಕಡ 10-15ರಲ್ಲಿ ತಣ್ಣಗಿದ್ದು ಡಿಸ್ಕ್ 100 ಮುಟ್ಟಿ ಕೆಳಗಿಳಿಯದಿದ್ದರೆ ಬೇಕಾಗಿರುವುದು ಎಸ್‌ಎಸ್‌ಡಿ. ಮೆಮೊರಿ 90 ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್. ಸಿಪಿಯು ಸದಾ 100ರಲ್ಲಿದ್ದರೆ ಮಾತ್ರ ಪ್ರೊಸೆಸರ್ ಮೇಲೆ ಅನುಮಾನ. ಅದಕ್ಕೂ ಮೊದಲು ಯಾವುದಾದರೂ ಬೇಡದ ಪ್ರೋಗ್ರಾಂ ಹಿಂದೆ ಓಡುತ್ತಿದೆಯೇ ನೋಡಿ. ‘ಇದು ಹಳೇದಾಯ್ತು ಸರ್, ಹೊಸದು ತಗೊಳ್ಳಿ’ ಎಂದು ಯಾರಾದರೂ ಹೇಳುವ ಮುಂಚೆ ಈ ಪುಟವನ್ನು ನೋಡಿಕೊಂಡಿರಿ.

ಈಗ ಚೀಟಿಯ ಮೊದಲ ಪದಕ್ಕೆ ಬರೋಣ. ಐ7 ಎಂದಾಕ್ಷಣ ಐ3ಗಿಂತ ದೊಡ್ಡದಲ್ಲ. ಇಂಟೆಲ್ 2016ರಲ್ಲಿ ತಂದ ಐ7-7500ಯು ಎಂಬ ಲ್ಯಾಪ್‌ಟಾಪ್ ಚಿಪ್‌ನಲ್ಲಿ ಇರುವುದು ಎರಡೇ ಕೋರ್, ಅಂದರೆ ಒಟ್ಟಿಗೆ ಬೇರೆ ಬೇರೆ ಕೆಲಸ ಮಾಡಬಲ್ಲ ಎರಡೇ ಘಟಕ. 2022ರ ಐ3-1215ಯು ಚಿಪ್‌ನಲ್ಲಿ ಆರು. ಹೊಸ ಐ3ಯ ಮುಂದೆ ಆ ಹಳೆಯ ಐ7 ನಿಲ್ಲಲಾರದು. ಅದಕ್ಕೇ ಅಡ್ಡಗೆರೆಯ ನಂತರದ ಅಂಕಿ ಓದಬೇಕು: 7500 ಎಂದರೆ ಏಳನೇ ಜನರೇಷನ್, 1215 ಎಂದರೆ ಹನ್ನೆರಡನೆಯದು. ಕೊನೆಯಲ್ಲಿ ‘ಯು’ ಇದ್ದರೆ ಬ್ಯಾಟರಿ ಉಳಿಸುವ ಚಿಪ್, ‘ಎಚ್’ ಇದ್ದರೆ ಹೆಚ್ಚು ಶಕ್ತಿಯ, ಹೆಚ್ಚು ಬಿಸಿಯಾಗುವ ಚಿಪ್. ಎಎಂಡಿಯ ರೈಜನ್ 3, 5, 7ಗಳಿಗೂ ಇದೇ ಎಚ್ಚರ ಬೇಕು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ‘ಐ7 ಇದೆ, ಕಡಿಮೆಗೆ ಕೊಡ್ತೀನಿ’ ಎಂಬ ಮಾತಿಗೆ ‘ಯಾವ ಜನರೇಷನ್?’ ಎಂದು ಮರುಪ್ರಶ್ನೆ ಹಾಕಲೇಬೇಕು. ಚಿಪ್‌ಗಳು ಬೆಳೆದ ವೇಗ ಅಂಥದ್ದು: ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004ರಲ್ಲಿ 1971ರಲ್ಲಿ ಇದ್ದದ್ದು 2,300 ಟ್ರಾನ್ಸಿಸ್ಟರ್. ಆಪಲ್ 2020ರಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿದ ಎಂ1ರಲ್ಲಿ 1,600 ಕೋಟಿ. ವರದಿ ಬರೆಯುವುದು, ಆನ್‌ಲೈನ್ ತರಗತಿ ಕೇಳುವುದು, ಪ್ರೋಗ್ರಾಮಿಂಗ್ ಕಲಿಯುವುದು, ಅಂಗಡಿ ಲೆಕ್ಕ ಇಡುವುದು: ಇಷ್ಟಕ್ಕೆ ಇವತ್ತಿನ ಮಾಮೂಲಿ ಚಿಪ್ ಕೂಡ ಬೇಕಾದಷ್ಟಾಯಿತು. ವಿಡಿಯೊ ಎಡಿಟಿಂಗ್, ಕಟ್ಟಡ-ಯಂತ್ರಗಳ ವಿನ್ಯಾಸ, ಕೃತಕ ಬುದ್ಧಿಮತ್ತೆಯ ಪ್ರಯೋಗ ಮಾಡುವ ವಿದ್ಯಾರ್ಥಿಗೆ ಮಾತ್ರ ಹೆಚ್ಚಿನ ಶಕ್ತಿ ಬೇಕು, ಅವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಅಂದರೆ ಜಿಪಿಯು ಕೂಡ ಬೇಕಾದೀತು. ಉಳಿದವರು ಅದಕ್ಕೆ ಕೊಡುವ ಹಣ ವ್ಯರ್ಥ.

ಡೆಸ್ಕ್‌ಟಾಪ್ ಬಿಚ್ಚಿದವರು ಮದರ್‌ಬೋರ್ಡ್ ಮೇಲೆ ಹೊಳೆಯುವ ಒಂದು ಗುಂಡು ಸೆಲ್ ನೋಡಿರುತ್ತಾರೆ. ಸಿಆರ್2032, 3 ವೋಲ್ಟ್. ಪ್ಲಗ್ ತೆಗೆದಿದ್ದಾಗಲೂ ಗಡಿಯಾರ ಓಡುವುದು ಇದರಿಂದ. ವರ್ಷಗಳು ಕಳೆದು ಈ ಸೆಲ್ ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಿಂದಕ್ಕೆ ಹೋಗುತ್ತದೆ. ಆಗ ನಡೆಯುವುದು ವಿಚಿತ್ರ: ಬ್ಯಾಂಕಿನ ತಾಣ, ಇಮೇಲ್ ಯಾವುದೂ ತೆರೆಯುವುದಿಲ್ಲ, ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ತಾಣಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರ್‌ನ ತಾರೀಖು ಅದರ ಹೊರಗೆ ಬಿದ್ದರೆ ಬ್ರೌಸರ್ ನಂಬುವುದಿಲ್ಲ. ವೈರಸ್ ಎಂದು ಹೆದರಿ ಫಾರ್ಮ್ಯಾಟ್ ಮಾಡಿಸಿಕೊಂಡವರಿದ್ದಾರೆ. ಸೆಲ್ ಬದಲಿಸಿ ತಾರೀಖು ಸರಿಮಾಡಿದರೆ ಮುಗಿಯಿತು. ಹಾಗೆಯೇ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರು ಹಳೆಯ ಮನೆಗಳಲ್ಲಿ ಸಾಮಾನ್ಯ. ಪ್ಲಗ್‌ನ ಮೂರನೇ ಪಿನ್ ಇದ್ದರೂ ಗೋಡೆಯಲ್ಲಿ ಅರ್ಥಿಂಗ್ ಇಲ್ಲ ಎಂದು ಅದರ ಅರ್ಥ. ಇದನ್ನು ಅಲಕ್ಷ್ಯ ಮಾಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಲ್ಯಾಪ್‌ಟಾಪ್ ಕೊಳ್ಳುವವರು ಹಣ ಕೊಡುವ ಮೊದಲು ಕೇಳಲೇಬೇಕಾದ ಪ್ರಶ್ನೆ: ರ‍್ಯಾಮ್ ಮುಂದೆ ಹೆಚ್ಚಿಸಬಹುದೇ? ತೆಳ್ಳನೆಯ ಎಷ್ಟೋ ಮಾದರಿಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡ್‌ಗೇ ಬೆಸೆದಿರುತ್ತಾರೆ. ಅಂಥದ್ದರಲ್ಲಿ 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿ. ನಾಲ್ಕು ವರ್ಷದ ಕೋರ್ಸಿಗೆ ಕೊಳ್ಳುವುದಾದರೆ 16 ಜಿಬಿ ಇರಲಿ, ಇಲ್ಲವೇ ಖಾಲಿ ಸ್ಲಾಟ್ ಇರಲಿ. ಐ7 ಮತ್ತು 8 ಜಿಬಿಗಿಂತ ಐ5 ಮತ್ತು 16 ಜಿಬಿ ಹೆಚ್ಚಿನ ಮನೆಗಳಿಗೆ ಒಳ್ಳೆಯ ಆಯ್ಕೆ ಎಂದು ನಾನು ಖಚಿತವಾಗಿ ಹೇಳಬಲ್ಲೆ. ರ‍್ಯಾಮ್ ಸೇರಿಸುವಾಗ ಡಿಡಿಆರ್3, 4, 5 ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ ಎಂಬುದು ನೆನಪಿರಲಿ. ಪಟ್ಟಿಯ ಅಡಿಯ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ತೀರಾ ಅಗ್ಗದ ಲ್ಯಾಪ್‌ಟಾಪ್‌ಗಳ ಚೀಟಿಯಲ್ಲಿ ‘64 ಜಿಬಿ ಇಎಂಎಂಸಿ’ ಎಂದಿದ್ದರೆ ಅದು ಎಸ್‌ಎಸ್‌ಡಿ ಅಲ್ಲ, ಅದಕ್ಕಿಂತ ನಿಧಾನದ, ಬೋರ್ಡ್‌ಗೆ ಬೆಸೆದ ಚಿಪ್, ಕೊಳ್ಳದಿರುವುದೇ ಲೇಸು. ಫೋನ್ ಅಂಗಡಿಯಲ್ಲಿ ‘8/128’ ಎನ್ನುತ್ತಾರಲ್ಲ, ಅಲ್ಲಿಯೂ ಮೊದಲನೆಯದು ರ‍್ಯಾಮ್, ಎರಡನೆಯದು ಸ್ಟೋರೇಜ್. ‘ಮೆಮೊರಿ ಫುಲ್’ ಎಂದು ನಾವು ಗೊಣಗುವುದು ಸಾಮಾನ್ಯವಾಗಿ ಎರಡನೆಯದಕ್ಕೆ.

ಹಳೆಯ ಯಂತ್ರ ಇಟ್ಟುಕೊಂಡವರಿಗೂ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಆ ಅರ್ಹತೆ ಇಲ್ಲ. ಅವನ್ನು ಗುಜರಿಗೆ ಹಾಕಬೇಕಿಲ್ಲ. ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಅಥವಾ ಉಬುಂಟು ಅನುಸ್ಥಾಪಿಸಿದರೆ ಬರವಣಿಗೆ, ಅಂತರ್ಜಾಲ, ಮಕ್ಕಳ ಕಲಿಕೆಗೆ ಇನ್ನೂ ಕೆಲವು ವರ್ಷ ಬಾಳುತ್ತವೆ. ಎರಡೂ ಉಚಿತ. ಕನ್ನಡದಲ್ಲಿ ಟೈಪ್ ಮಾಡುವ ಸೌಲಭ್ಯವೂ ಇದೆ.

ಕೊನೆಯದಾಗಿ ರಿಪೇರಿಯ ವಿಷಯ. ‘ಫಾರ್ಮ್ಯಾಟ್ ಮಾಡಬೇಕು’ ಎಂದರೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸಬೇಕು ಎಂದರ್ಥ. ಅದಕ್ಕೆ ಒಪ್ಪುವ ಮೊದಲು ನಿಮ್ಮ ಕಡತಗಳ ಪ್ರತಿ ನಿಮ್ಮ ಕೈಯಲ್ಲಿರಬೇಕು. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ತನ್ನಿ. ಡಿಲೀಟ್ ಮಾಡಿದ ಮಾತ್ರಕ್ಕೆ ಹಾರ್ಡ್ ಡಿಸ್ಕ್‌ನಿಂದ ಫೋಟೊಗಳು, ಆಧಾರ್ ಪ್ರತಿಗಳು ಅಳಿಸಿಹೋಗಿರುವುದಿಲ್ಲ, ಸಾಮಾನ್ಯ ತಂತ್ರಾಂಶದಿಂದಲೇ ಹೊರತೆಗೆಯಬಹುದು. ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಬಂದರೆ ಹೆಡ್ ತನ್ನ ಜಾಗ ಹಿಡಿಯಲಾರದೆ ಒದ್ದಾಡುತ್ತಿದೆ ಎಂದರ್ಥ. ಆ ಸ್ಥಿತಿಯಲ್ಲಿ ಮತ್ತೆ ಮತ್ತೆ ಆನ್ ಮಾಡಿದಷ್ಟೂ ಹಾನಿ ಹೆಚ್ಚು. ಎಸ್‌ಎಸ್‌ಡಿ ಆ ಎಚ್ಚರಿಕೆಯನ್ನೂ ಕೊಡದೆ ಒಂದು ಬೆಳಿಗ್ಗೆ ಸುಮ್ಮನಾಗಿಬಿಡಬಹುದು. ಪ್ರೊಸೆಸರ್ ಸುಟ್ಟರೆ ಇನ್ನೊಂದು ಸಿಗುತ್ತದೆ, ರ‍್ಯಾಮ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ತೀರಿಕೊಂಡ ಅಜ್ಜಿಯ ದನಿ ಇರುವ ವಿಡಿಯೊ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಪತ್ರಿಕೆ ಕೆಳಗಿಟ್ಟ ಮೇಲೆ ಇದೊಂದನ್ನು ಮಾಡಿ: ಬೇರೆ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಮನೆಯವರೆಲ್ಲರ ಫೋಟೊ, ವಿಡಿಯೊ, ಮುಖ್ಯ ಕಾಗದಪತ್ರಗಳನ್ನು ಪ್ರತಿ ಮಾಡಿ, ಒಂದೆರಡು ಕಡತಗಳನ್ನು ತೆರೆದು ನೋಡಿ ಖಚಿತಪಡಿಸಿಕೊಂಡು, ಅದನ್ನು ಕಂಪ್ಯೂಟರ್‌ನಿಂದ ಬಿಡಿಸಿ ಬೀರುವಿನಲ್ಲಿಡಿ.